ಬೆಕ್ಕಿಗೂ ಹುಳುಕಡ್ಡಿ, ಮನೆಯವರಿಗೂ ಹುಳುಕಡ್ಡಿ: ಯಾವ ದಾರಿ ಯಾರಿಗೆ?

ಒಂದೇ ತಿಂಗಳಲ್ಲಿ ಮೂರು ಮನೆಯವರು ನನಗೆ ಒಂದೇ ಪ್ರಶ್ನೆ ಕೇಳಿದರು. ಒಬ್ಬರು ಗಂಗಾವತಿಯವರು, ಒಬ್ಬರು ಸಿಂಧನೂರಿನವರು, ಇನ್ನೊಬ್ಬರು ಇಲ್ಲೇ ಬಳ್ಳಾರಿಯ ಕೌಲ್ ಬಜಾರದವರು. "ಬೆಕ್ಕಿನ ಕಿವಿ ಹತ್ರ ಕೂದಲು ಉದುರಿದೆ. ಮಗಳ ಕೈ ಮೇಲೆ ರೂಪಾಯಿ ಬಿಲ್ಲೆಯಷ್ಟು ಕೆಂಪು ಉಂಗುರ ಎದ್ದಿದೆ. ಮೊದಲು ಯಾರನ್ನ ಎಲ್ಲಿಗೆ ಕರ್ಕೊಂಡು ಹೋಗ್ಲಿ?" ಒಬ್ಬರಿಗೆ ಮೆಡಿಕಲ್ ಶಾಪಿನಲ್ಲಿ ಟ್ಯೂಬ್ ಕೊಟ್ಟಿದ್ದಾರೆ. ಒಬ್ಬರಿಗೆ ಅತ್ತೆ ತಗಚೆ ಸೊಪ್ಪು ಅರೆದು ಹಚ್ಚು ಅಂದಿದ್ದಾರೆ. ಇನ್ನೊಬ್ಬರಿಗೆ ಪಕ್ಕದ ಮನೆಯವರ ಸಲಹೆ: ಬೆಕ್ಕನ್ನ ಚೀಲಕ್ಕೆ ಹಾಕಿ ಮಾರ್ಕೆಟ್ ಹತ್ರ ಬಿಟ್ಟು ಬಾ.

ನಾನು ಡಾಕ್ಟರ್ ಅಲ್ಲ. ಆದರೆ ಎರಡು ವರ್ಷದ ಹಿಂದೆ ಇದೇ ಗೋಳು ನಮ್ಮ ಮನೆಯಲ್ಲೂ ಆಗಿತ್ತು. ಜೋಳದ ಚೀಲಗಳ ಹಿಂದೆ ಸಿಕ್ಕ ಮರಿಯೊಂದನ್ನು ಒಳಗೆ ತಂದುಕೊಂಡೆವು. ಹದಿನೈದು ದಿನಕ್ಕೆ ನನ್ನ ಮೊಣಕೈ ಒಳಗಡೆ ಒಂದು ಉಂಗುರ, ತಂಗಿಯ ಕುತ್ತಿಗೆ ಮೇಲೆ ಎರಡು, ಅವಳ ಆರು ವರ್ಷದ ಮಗನ ನೆತ್ತಿಯಲ್ಲಿ ಒಂದು ಬೋಳು ಮಚ್ಚೆ. ಪೂರ್ತಿ ವಾಸಿಯಾಗಲು ಮೂರು ತಿಂಗಳು ಹಿಡಿಯಿತು. ಅದರಲ್ಲಿ ಒಂದೂವರೆ ತಿಂಗಳು ನಮ್ಮ ತಪ್ಪಿನ ಲೆಕ್ಕ.

ಹೆಸರಿನಲ್ಲಿ ಹುಳ ಇದೆ, ಆದರೆ ಇದು ಹುಳ ಅಲ್ಲ. ಹಳೇ ರೊಟ್ಟಿ ಮೇಲೆ ಏಳುವ ಬೂಷ್ಟಿನ ಜಾತಿಯದು. ಬೆಕ್ಕಿನ ಮೈಮೇಲೆ ಇರುವುದು ಹೆಚ್ಚಾಗಿ ಮೈಕ್ರೋಸ್ಪೋರಮ್ ಕ್ಯಾನಿಸ್ ಎಂಬ ಫಂಗಸ್. ಕ್ಯಾನಿಸ್ ಅಂದರೆ ನಾಯಿ, ಆದರೆ ಇದರ ಖಾಸಾ ಮನೆ ಬೆಕ್ಕೇ. ಅದು ಕೂದಲು, ಉಗುರು, ಮೇಲ್ದೊಗಲಿನಲ್ಲಿ ಬದುಕುತ್ತದೆ. ಕೂದಲು ಮುರಿದು ಬಿದ್ದಾಗ ಅದರ ಜೊತೆ ಕಣ್ಣಿಗೆ ಕಾಣದ ಬೀಜಕಣಗಳೂ ಉದುರುತ್ತವೆ. ಒಣ ಜಾಗದಲ್ಲಿ ಅವು 18 ತಿಂಗಳವರೆಗೂ ಜೀವ ಹಿಡಿದಿರಬಹುದು. ಹಾಸಿಗೆ, ಕೌದಿ, ಬಾಚಣಿಗೆ, ಸೋಫಾ, ಎಲ್ಲ ಕಡೆ. ಹಾಗಾಗಿ ನಿಮ್ಮ ಮನೆಯಲ್ಲಿ ರೋಗಿಗಳು ಇಬ್ಬರಲ್ಲ, ಮೂವರು: ನೀವು, ಬೆಕ್ಕು, ಮನೆ.

ಆರಿಸುವ ಮೊದಲು ಐದು ಮಾತು

ಯಾವ ಔಷಧಿ ಒಳ್ಳೆಯದು ಅಂತ ಎಲ್ಲರೂ ಕೇಳುತ್ತಾರೆ. ನಮ್ಮ ಮನೆಯಲ್ಲಿ ಯಾವುದು ನಡೆಯುತ್ತದೆ ಅಂತ ಯಾರೂ ಕೇಳುವುದಿಲ್ಲ. ನಾನು ತೂಗಿ ನೋಡುವುದು ಈ ಐದನ್ನು.

ಮೊದಲನೆಯದು, ಮನೆಯಲ್ಲಿ ಯಾರಿದ್ದಾರೆ. ಚಿಕ್ಕ ಮಕ್ಕಳು, ಬಸುರಿ, ಸಕ್ಕರೆ ಕಾಯಿಲೆಯವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಇದ್ದರೆ ಕಾದು ನೋಡುವ ಆಟ ಬೇಡ. ಎರಡನೆಯದು, ಬೆಕ್ಕು ಎಷ್ಟಿವೆ, ಎಂಥವು. ಒಳಗೇ ಇರುವ ಒಂದು ಬೆಕ್ಕಿನ ಲೆಕ್ಕ ಬೇರೆ, ಓಣಿಯೆಲ್ಲ ಸುತ್ತಿ ಊಟಕ್ಕೆ ಮಾತ್ರ ಬರುವ ನಾಲ್ಕು ಬೆಕ್ಕಿನ ಲೆಕ್ಕ ಬೇರೆ. ಉದ್ದ ಕೂದಲಿನ ಪರ್ಷಿಯನ್ ಆದರೆ ಕೆಲಸ ಡಬಲ್. ಅದರ ಮೈಮೇಲೆ ಒಂದು ಮಚ್ಚೆಯೂ ಕಾಣದೆ ಫಂಗಸ್ ಇರಬಹುದು. ಮೂರನೆಯದು, ಎರಡು ತಿಂಗಳು ಬಿಡದೆ ಮಾಡುವ ವ್ಯವಧಾನ ನಿಮಗಿದೆಯಾ? ನಾಲ್ಕನೆಯದು ದುಡ್ಡು.

ಐದನೆಯದು ನೀರು. ಬೇರೆ ಊರಿನವರು ಬರೆದದ್ದರಲ್ಲಿ ಇದು ಕಾಣುವುದೇ ಇಲ್ಲ. ವಾರಕ್ಕೆರಡು ಸಲ ಬೆಕ್ಕಿಗೆ ಸ್ನಾನ, ವಾರಕ್ಕೆರಡು ಸಲ ಹಾಸಿಗೆ ಒಗೆಯುವುದು ಅಂತ ಬರೆದಿರುತ್ತಾರೆ. ನಮ್ಮ ಓಣಿಗೆ ಬೇಸಿಗೆಯಲ್ಲಿ ನಲ್ಲಿ ನೀರು ಬರುವುದು ಎಂಟು ದಿನಕ್ಕೊಮ್ಮೆ. ಸಿಂಟೆಕ್ಸಿನಲ್ಲಿ ಉಳಿದ ಅರ್ಧ ಅಡಿ ನೀರನ್ನು ಬೆಕ್ಕಿಗೆ ಹೊಯ್ಯಲಾ, ಅಡುಗೆಗೆ ಇಡಲಾ ಅನ್ನುವ ಪ್ರಶ್ನೆ ಬಳ್ಳಾರಿಯವರಿಗೆ ಮಾತ್ರ ಅರ್ಥ ಆದೀತು.

ಮೊದಲು, ಇದು ಅದೇನಾ?

ಸುಮ್ನೆ ಬೆಕ್ಕಿನ ಮೇಲೆ ಗೂಬೆ ಕೂರಿಸಬೇಡಿ. ನಮ್ಮ ಕಡೆ ಬಿಸಿಲು, ಬೆವರು, ಮೇಲೆ ಬಿಗಿಯಾದ ಜೀನ್ಸ್. ಜೀನ್ಸ್ ಹೊಲಿಯುವ ಊರು ಇದು, ಹಾಕಿಕೊಳ್ಳುವವರಿಗೂ ಕೊರತೆ ಇಲ್ಲ. ತೊಡೆಸಂದು, ಸೊಂಟ, ಪೃಷ್ಠದ ಮೇಲೆ ಹರಡಿ, ಮನೆಯಲ್ಲಿ ಒಬ್ಬರಿಂದ ಒಬ್ಬರಿಗೆ ದಾಟುವ ಗಜಕರ್ಣ ಬಹಳ ಸಲ ಟ್ರೈಕೊಫೈಟಾನ್ ಎಂಬ ಬೇರೆ ಫಂಗಸ್. ಅದು ಮನುಷ್ಯರಿಂದ ಮನುಷ್ಯರಿಗೆ ಟವೆಲ್, ಬಟ್ಟೆ ಮೂಲಕ ಹೋಗುತ್ತದೆ. ಅದರಲ್ಲೇ ಒಂದು ಹಟಮಾರಿ ಬಗೆಗೆ 2020ರಲ್ಲಿ ಟ್ರೈಕೊಫೈಟಾನ್ ಇಂಡೋಟಿನಿಯೆ ಅಂತ ಹೆಸರಿಟ್ಟರು. ಇಂಡೋ ಅಂದರೆ ನಾವೇ. ಟರ್ಬಿನಾಫಿನ್ ಎಂಬ ಫಂಗಸ್ ಔಷಧಿಗೆ ಅದು ಬಹಳ ಸಲ ಬಗ್ಗುವುದಿಲ್ಲ. ಬೆಕ್ಕಿನಿಂದ ಬಂದದ್ದು ಸಾಮಾನ್ಯವಾಗಿ ಬೆಕ್ಕು ತಾಗುವ ಜಾಗದಲ್ಲಿ ಏಳುತ್ತದೆ: ಮುಂಗೈ, ಎದೆ, ಕುತ್ತಿಗೆ, ಗಲ್ಲ, ಮಕ್ಕಳ ನೆತ್ತಿ.

ಬೆಕ್ಕಿನಿಂದ ಬರುವ ತುರಿಕೆಯೆಲ್ಲ ಹುಳುಕಡ್ಡಿಯೂ ಅಲ್ಲ. ಕಣಕಾಲಿನ ಸುತ್ತ ಸಣ್ಣ ಸಣ್ಣ ಕೆಂಪು ಚುಕ್ಕೆ ಇದ್ದರೆ ಚಿಗಟ ಇರಬಹುದು. ಬೆಕ್ಕಿನ ಕಿವಿಯಂಚಿನಿಂದ ಶುರುವಾಗಿ ಮುಖದ ಮೇಲೆಲ್ಲ ಬೂದು ಬಣ್ಣದ ದಪ್ಪ ಹೆಕ್ಕಳೆ ಕಟ್ಟಿ, ಅದು ಎಡೆಬಿಡದೆ ಕೆರೆದುಕೊಳ್ಳುತ್ತಿದ್ದರೆ ಅದು ಕಜ್ಜಿ ಹುಳದ ಕಾಟ, ನಿಜವಾದ ಹುಳ. ಅದೂ ಮನುಷ್ಯರಿಗೆ ತಾಗುತ್ತದೆ, ತುರಿಕೆ ಜೋರು. ಆದರೆ ಆ ಹುಳ ನಮ್ಮ ಮೈಮೇಲೆ ಸಂಸಾರ ಹೂಡುವುದಿಲ್ಲ. ಬೆಕ್ಕಿಗೆ ಸೆಲಮೆಕ್ಟಿನ್‌ನಂಥ ಔಷಧಿ ಬಿದ್ದರೆ ನಮ್ಮದು ಸಾಮಾನ್ಯವಾಗಿ ತಾನೇ ಆರುತ್ತದೆ. ಹುಳುಕಡ್ಡಿ ಬಂದ ಬೆಕ್ಕು ಅಷ್ಟೊಂದು ಕೆರೆದುಕೊಳ್ಳುವುದಿಲ್ಲ. ದುಂಡಗೆ ಕೂದಲು ಉದುರಿ, ಅಂಚಿನ ಕೂದಲು ಕತ್ತರಿಸಿದ ಹಾಗೆ ಮುರಿದು, ಮೇಲೆ ಬೂದಿ ಉದುರಿಸಿದಂತೆ ಹೊಟ್ಟು ಇರುತ್ತದೆ.

ಪರೀಕ್ಷೆಯಲ್ಲಿ ಮೂರು ಬಗೆ. ವುಡ್ಸ್ ಲ್ಯಾಂಪ್ ಅನ್ನುವ ನೇರಳೆ ಬೆಳಕು ಹಿಡಿದರೆ ಮೈಕ್ರೋಸ್ಪೋರಮ್ ಹತ್ತಿದ ಕೂದಲು ಬುಡದಿಂದ ಸೇಬಿನ ಹಸಿರಿನಲ್ಲಿ ಹೊಳೆಯುತ್ತದೆ. ಐದು ನಿಮಿಷದ ಕೆಲಸ, ಅಗ್ಗ. ಹೊಳೆಯದಿದ್ದರೆ ಫಂಗಸ್ ಇಲ್ಲ ಅಂತ ಮಾತ್ರ ಹೇಳಲಾಗದು. ನಾನು ಜಾಣತನ ಮಾಡಿ ಆನ್‌ಲೈನಲ್ಲಿ ಒಂದು ನೇರಳೆ ಟಾರ್ಚ್ ತರಿಸಿದೆ. ರಾತ್ರಿ ದೀಪ ಆರಿಸಿ ಹಿಡಿದರೆ ಬೆಕ್ಕೂ ಹೊಳೆಯಿತು, ಕೌದಿಯೂ ಹೊಳೆಯಿತು, ಅಪ್ಪನ ಬನಿಯನ್ನೂ ಹೊಳೆಯಿತು. ಸೋಪಿನ ಪುಡಿ, ದಾರದ ಎಳೆ, ಮುಲಾಮು ಎಲ್ಲವೂ ನೀಲಿ-ಬಿಳಿಯಾಗಿ ಹೊಳೆಯುತ್ತವೆ ಅಂತ ಆಮೇಲೆ ಗೊತ್ತಾಯಿತು. ಆ ದುಡ್ಡು ದಂಡ. ಎರಡನೆಯದು, ಕೂದಲು ಮತ್ತು ಹೊಟ್ಟನ್ನು ಕೆಓಎಚ್ (ಪೊಟ್ಯಾಶಿಯಂ ಹೈಡ್ರಾಕ್ಸೈಡ್) ದ್ರಾವಣದಲ್ಲಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡುವುದು. ಇದೂ ಅಗ್ಗ, ಅದೇ ದಿನ ಗೊತ್ತಾಗುತ್ತದೆ, ಆದರೆ ನೋಡುವ ಕಣ್ಣು ಪಳಗಿರಬೇಕು. ಮೂರನೆಯದು ಕಲ್ಚರ್, ಅಂದರೆ ಲ್ಯಾಬಿನಲ್ಲಿ ಫಂಗಸ್ ಬೆಳೆಯುತ್ತದಾ ಅಂತ ನೋಡುವುದು. ಹೊಸ ಟೂತ್ ಬ್ರಷ್‌ನಿಂದ ಬೆಕ್ಕಿನ ಮೈಯೆಲ್ಲ ಬಾಚಿ, ಆ ಬ್ರಷ್ಷನ್ನೇ ಲ್ಯಾಬಿಗೆ ಕೊಡುತ್ತಾರೆ. ಎರಡು ಮೂರು ವಾರ ಕಾಯಬೇಕು. ಒಂದೇ ಬೆಕ್ಕು, ಲಕ್ಷಣ ಸ್ಪಷ್ಟ ಅಂದರೆ ಮೊದಲ ಎರಡು ಸಾಕು. ಬೆಕ್ಕು ಜಾಸ್ತಿ ಇದ್ದರೆ, ಅಥವಾ ವಾಸಿಯಾಯ್ತಾ ಇಲ್ವಾ ಅಂತ ಖಾತ್ರಿ ಬೇಕಿದ್ದರೆ ಕಲ್ಚರ್‌ಗೆ ದುಡ್ಡು ಹಾಕಿ.

ಸುಮ್ಮನಿದ್ದರೆ ಏನಾಗುತ್ತದೆ?

ಇದೂ ಒಂದು ದಾರಿಯೇ. ಗಟ್ಟಿಮುಟ್ಟಾದ ದೊಡ್ಡ ಬೆಕ್ಕಿಗೆ ಹುಳುಕಡ್ಡಿ ಎರಡು ಮೂರು ತಿಂಗಳಲ್ಲಿ ತಾನಾಗಿಯೇ ಹೋಗುವುದುಂಟು. ಖರ್ಚು ಸೊನ್ನೆ. ಆದರೆ ಅಷ್ಟು ದಿನವೂ ಅದು ಕೂದಲು ಉದುರಿಸುತ್ತಾ ಮನೆ ತುಂಬ ಓಡಾಡುತ್ತದೆ. ಓಣಿಯ ಬೆಕ್ಕು, ಒಳಗೆ ಬರುವುದಿಲ್ಲ, ಮನೆಯಲ್ಲಿ ಮಕ್ಕಳಿಲ್ಲ, ಯಾರಿಗೂ ಇನ್ನೂ ಬಂದಿಲ್ಲ ಅಂದರೆ ಕಾಯಬಹುದು. ಮರಿಯಾದರೆ, ಮನೆಯಲ್ಲಿ ಒಬ್ಬರಿಗಾದರೂ ಬಂದಿದ್ದರೆ ಇದು ಲೆಕ್ಕಕ್ಕಿಲ್ಲ.

ಬಿಟ್ಟು ಬರುವ ಮಾತಿಗೆ ಒಂದೇ ಉತ್ತರ. ಬೆಕ್ಕು ಹೋದರೂ ಅದರ ಕೂದಲು ನಿಮ್ಮ ಹಾಸಿಗೆಯಲ್ಲೇ ಇರುತ್ತದೆ. ನಿಮ್ಮ ಕಾಯಿಲೆ ನಿಮಗೇ, ಜೊತೆಗೆ ಮಾರ್ಕೆಟ್ಟಿನ ಬೆಕ್ಕುಗಳಿಗೂ ಒಂದು ಪಾಲು.

ಮೆಡಿಕಲ್ ಶಾಪಿನ ಟ್ಯೂಬ್

ನಮ್ಮ ದೊಡ್ಡ ತಪ್ಪು ಇಲ್ಲಿಂದಲೇ ಶುರು. ಒಂದು ಅಂಗಡಿಯಲ್ಲಿ ತೋರಿಸಿದೆ. ನೋಡಿದ ತಕ್ಷಣ ಒಂದು ಟ್ಯೂಬ್ ಕೊಟ್ಟರು. ಹಚ್ಚಿದ ಎರಡೇ ದಿನಕ್ಕೆ ತುರಿಕೆ ಮಾಯ, ಕೆಂಪು ಮಾಯ. ಆಹಾ ಅಂದುಕೊಂಡೆ. ನಿಲ್ಲಿಸಿದ ವಾರಕ್ಕೆ ಉಂಗುರ ಹಸ್ತದಷ್ಟಾಗಿ ವಾಪಸ್ ಬಂತು. ಈ ಸಲ ಅಂಚೂ ಸರಿಯಾಗಿ ಕಾಣುತ್ತಿರಲಿಲ್ಲ. ಚರ್ಮದ ಡಾಕ್ಟರ್ ಟ್ಯೂಬಿನ ಹಿಂಭಾಗ ನನಗೇ ಓದಿಸಿದರು: ಕ್ಲೋಬೆಟಸಾಲ್, ಒಫ್ಲಾಕ್ಸಾಸಿನ್, ಆರ್ನಿಡಜೋಲ್, ಟರ್ಬಿನಾಫಿನ್. ಮೊದಲನೆಯದು ಜೋರಾದ ಸ್ಟೀರಾಯ್ಡ್. ಅದು ಉರಿಯನ್ನು ಅಡಗಿಸುತ್ತದೆ, ಫಂಗಸ್ಸಿಗೆ ಮೇಯಲು ಬಯಲು ಬಿಡುತ್ತದೆ. 2018ರಲ್ಲೇ ಕೇಂದ್ರ ಸರ್ಕಾರ ಇಂಥ ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿದೆ. ಆದರೂ ಕೇಳಿದರೆ ಸಿಗುತ್ತದೆ.

ಹಾಗಂತ ಟ್ಯೂಬೇ ಕೆಟ್ಟದ್ದಲ್ಲ. ಒಂದೇ ಔಷಧಿ ಇರುವ ಟ್ಯೂಬ್ ನೋಡಿ: ಕ್ಲೋಟ್ರಿಮಜೋಲ್, ಲುಲಿಕೊನಜೋಲ್, ಟರ್ಬಿನಾಫಿನ್, ಯಾವುದಾದರೂ ಒಂದು. ಹೆಸರಿನ ಕೊನೆಗೆ 'ಸೋನ್' ಅಥವಾ 'ಸಾಲ್' ಅಂತ ಬರುವ ಸ್ಟೀರಾಯ್ಡ್ ಜೊತೆಗಿದ್ದರೆ ವಾಪಸ್ ಕೊಡಿ. ದೊಡ್ಡವರ ಮೈಮೇಲೆ ಒಂದೆರಡು ಉಂಗುರ ಅಷ್ಟೇ ಇದ್ದರೆ ಇಂಥ ಸಾದಾ ಟ್ಯೂಬೇ ಸಾಕಾಗಬಹುದು. ಉಂಗುರದ ಮೇಲಷ್ಟೇ ಅಲ್ಲ, ಸುತ್ತ ಎರಡು ಬೆರಳಗಲ ಹೊರಗೂ ಹಚ್ಚಬೇಕು. ಕಲೆ ಹೋದ ಮೇಲೂ ಒಂದೆರಡು ವಾರ ಮುಂದುವರಿಸಬೇಕು. ನಾವೆಲ್ಲ ಸೋಲುವುದು ಈ ಕೊನೆಯ ಎರಡು ವಾರದಲ್ಲೇ.

ಮಕ್ಕಳ ನೆತ್ತಿಗೆ ಬಂದರೆ ಟ್ಯೂಬಿನ ಆಸೆ ಬಿಡಿ. ಕೂದಲ ಬುಡದೊಳಗೆ ಮುಲಾಮು ಇಳಿಯುವುದಿಲ್ಲ, ಗುಳಿಗೆಯೇ ಬೇಕು. ಗ್ರಿಸಿಯೊಫಲ್ವಿನ್ ಹಳೇ ಔಷಧಿ, ಬೆಕ್ಕಿನಿಂದ ಬಂದ ನೆತ್ತಿಯ ಹುಳುಕಡ್ಡಿಗೆ ಈಗಲೂ ಡಾಕ್ಟರು ಅದನ್ನು ಬರೆಯುತ್ತಾರೆ. ಆರು ವಾರ, ಎಂಟು ವಾರ ಹಿಡಿಯುತ್ತದೆ. ತಡ ಮಾಡಿದರೆ ಕೀವು ತುಂಬಿದ ಗಡ್ಡೆಯಾಗಿ ಆ ಜಾಗದಲ್ಲಿ ಕೂದಲು ಮತ್ತೆ ಬರದೇ ಹೋಗಬಹುದು. ಬಸುರಿಯರು ಯಾವ ಫಂಗಸ್ ಗುಳಿಗೆಯನ್ನೂ ಸ್ವಂತ ಬುದ್ಧಿಯಿಂದ ನುಂಗಬಾರದು.

ಎಲ್ಲಿಗೆ ಹೋಗುವುದು? ದುಡ್ಡು ಕಡಿಮೆ, ಸಮಯ ಇದೆ ಅಂದರೆ ಸರ್ಕಾರಿ ಮೆಡಿಕಲ್ ಕಾಲೇಜಿನ ಚರ್ಮರೋಗ ವಿಭಾಗ: ಬಳ್ಳಾರಿಯಲ್ಲಿ ನಾವೆಲ್ಲ ಇನ್ನೂ ವಿಮ್ಸ್ ಅಂತಲೇ ಕರೆಯುವುದು, ರಾಯಚೂರಿನಲ್ಲಿ ರಿಮ್ಸ್, ಕೊಪ್ಪಳದಲ್ಲಿ ಕಿಮ್ಸ್. ಸಾಲು ಉದ್ದ, ಅರ್ಧ ದಿನ ಹೋಗುತ್ತದೆ. ಖಾಸಗಿಯಲ್ಲಿ ಸಮಯ ಉಳಿಯುತ್ತದೆ, ಫೀಸು ಹೋಗುತ್ತದೆ. ಎಲ್ಲಿಗೇ ಹೋದರೂ "ಮನೆಯಲ್ಲಿ ಬೆಕ್ಕಿದೆ, ಅದಕ್ಕೂ ಬಂದಿದೆ" ಅಂತ ನೀವಾಗಿ ಹೇಳಿ. ನನ್ನನ್ನು ಮೊದಲ ಸಲ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮನೆ ಮದ್ದು

ತಗಚೆ ಸೊಪ್ಪು, ಬೇವು, ಅರಿಶಿನ. ಅತ್ತೆಯ ಮಾತು ಪೂರ್ತಿ ಸುಳ್ಳಲ್ಲ, ಇವಕ್ಕೆ ಫಂಗಸ್ ಮೇಲೆ ಸ್ವಲ್ಪ ಹಿಡಿತ ಇದೆ. ಆದರೆ ಮನುಷ್ಯರ ಚರ್ಮದ ಮೇಲೆ ಸರಿಯಾದ ಔಷಧಿಯ ಜೊತೆಗೆ ಏನಾದರೂ ಹಚ್ಚಿಕೊಳ್ಳುವುದು ಒಂದು, ಬೆಕ್ಕಿಗೆ ಹಚ್ಚುವುದು ಇನ್ನೊಂದು. ಬೆಕ್ಕು ಮೈಗೆ ಹಚ್ಚಿದ್ದನ್ನೆಲ್ಲ ನೆಕ್ಕಿ ಹೊಟ್ಟೆಗಿಳಿಸುತ್ತದೆ. ಸೀಮೆಎಣ್ಣೆ, ಸುಟ್ಟ ಆಯಿಲ್, ಟೀ ಟ್ರೀ ಎಣ್ಣೆ ಬೆಕ್ಕಿಗೆ ವಿಷ. ಗಜಕರ್ಣಕ್ಕೆ ಅಂತ ಮಾರುವ, ಸ್ಯಾಲಿಸಿಲಿಕ್ ಆಮ್ಲ ಮತ್ತು ಬೆಂಜೋಯಿಕ್ ಆಮ್ಲ ಇರುವ ಉರಿ ಮುಲಾಮೂ ಅಷ್ಟೇ. ನಿಮ್ಮ ಟ್ಯೂಬನ್ನೇ ಬೆಕ್ಕಿಗೂ ಹಚ್ಚುವ ಉಳಿತಾಯ ಮಾಡಬೇಡಿ. ಪೈಸೆ ಉಳಿಸಲು ಹೋಗಿ ಬೆಕ್ಕನ್ನೇ ಕಳೆದುಕೊಂಡವರಿದ್ದಾರೆ.

ಬೆಕ್ಕಿಗೆ: ಬರೀ ಸ್ನಾನವಾ, ಗುಳಿಗೆಯೂ ಬೇಕಾ?

ನಿಜವಾದ ಆಯ್ಕೆ ಇರುವುದು ಇಲ್ಲಿ. ಸ್ನಾನ ಹೊರಗಿನ ಬೀಜಕಣಗಳನ್ನು ಕೊಲ್ಲುತ್ತದೆ, ಮನೆಯಲ್ಲಿ ಹರಡುವುದನ್ನು ತಡೆಯುತ್ತದೆ. ಕೂದಲ ಬುಡದೊಳಗಿನದ್ದಕ್ಕೆ ಅದು ಸಾಲದು. ಗುಳಿಗೆ ಬುಡದೊಳಗೆ ಕೆಲಸ ಮಾಡುತ್ತದೆ, ಆದರೆ ಈಗಾಗಲೇ ಮೈಮೇಲಿರುವ ಕಣಗಳನ್ನು ಕೊಲ್ಲುವುದಿಲ್ಲ. ಹಾಗಾಗಿ ಪಶುವೈದ್ಯರು ಎರಡನ್ನೂ ಒಟ್ಟಿಗೆ ಹೇಳುತ್ತಾರೆ. ಒಂದನ್ನೇ ಮಾಡಿದರೆ ಆರಿದ ಹಾಗೆ ಆಗಿ ಮತ್ತೆ ಬರುತ್ತದೆ.

ಸ್ನಾನಕ್ಕೆ ನಮ್ಮ ಕಡೆ ಸಿಗುವುದು ಮೈಕೊನಜೋಲ್ ಮತ್ತು ಕ್ಲೋರ್‌ಹೆಕ್ಸಿಡಿನ್ ಎರಡೂ ಇರುವ ಶಾಂಪೂ. ವಾರಕ್ಕೆರಡು ಸಲ. ಲೈಮ್ ಸಲ್ಫರ್ ಎಂಬ ಗಂಧಕದ ದ್ರಾವಣ ಇನ್ನೂ ಗಟ್ಟಿ, ಆದರೆ ಕೊಳೆತ ಮೊಟ್ಟೆಯ ವಾಸನೆ, ಹಳದಿ ಕಲೆ, ಮೇಲಾಗಿ ಹುಡುಕಿದರೂ ಸಿಗುವುದು ಕಷ್ಟ. ಶಾಂಪೂ ಹಚ್ಚಿ ಹತ್ತು ನಿಮಿಷ ಬಿಡಬೇಕು. ಬೆಕ್ಕನ್ನು ಹತ್ತು ನಿಮಿಷ ಒದ್ದೆಯಾಗಿ ಹಿಡಿದಿಟ್ಟುಕೊಳ್ಳುವುದು ಅಂದರೇನು ಅಂತ ಹಿಡಿದವರಿಗೇ ಗೊತ್ತು. ನಾವು ಕಲಿತದ್ದು: ಬಚ್ಚಲಲ್ಲಿ ಗೋಣಿಚೀಲ ಹಾಸಿ. ಅದು ಉಗುರು ಊರಿಕೊಂಡು ನಿಲ್ಲುತ್ತದೆ, ಜಾರುವ ಭಯ ಇಲ್ಲದಿದ್ದರೆ ಅರ್ಧ ಜಗಳ ಕಡಿಮೆ. ಒಂದು ಮಗ್ಗು ಉಗುರು ಬೆಚ್ಚಗಿನ ನೀರಿನಿಂದ ಮೊದಲು ಮೈ ತೋಯಿಸಿ, ಶಾಂಪೂ ತಿಕ್ಕಿ, ಒಬ್ಬರು ಕುತ್ತಿಗೆ ಕೆರೆಯುತ್ತಾ ಕೂತರೆ ಇನ್ನೊಬ್ಬರು ಗಡಿಯಾರ ನೋಡಬೇಕು. ಒಂದೂವರೆ ಬಕೆಟ್ಟಿನಲ್ಲಿ ಮುಗಿಯುತ್ತದೆ. ನೀರು ತೀರಾ ಕಡಿಮೆ ಇದ್ದರೆ ಅದೇ ಔಷಧಿಗಳಿರುವ, ತೊಳೆಯಬೇಕಿಲ್ಲದ ಫೋಮ್ ಅಥವಾ ಒರೆಸುವ ಬಟ್ಟೆ ಸಿಗುತ್ತದೆಯಾ ಕೇಳಿ. ದುಬಾರಿ, ಆದರೆ ಮಾರ್ಚ್-ಏಪ್ರಿಲ್‌ನಲ್ಲಿ ನೀರಿನ ಟ್ಯಾಂಕರ್ ಬೆಲೆಯೂ ಲೆಕ್ಕ ಹಾಕಿ ನೋಡಿ. ಉದ್ದ ಕೂದಲಿದ್ದರೆ ಮೊಂಡು ತುದಿಯ ಕತ್ತರಿಯಿಂದ ಚಿಕ್ಕದು ಮಾಡಿಸಿ. ಮಷಿನ್ ಹಾಕಿ ಬೋಳಿಸಿದರೆ ಚರ್ಮ ಸಣ್ಣಗೆ ಗೀಚಿಕೊಂಡು ಫಂಗಸ್ ಹರಡಬಹುದು.

ನಡುವೆ ಒಂದು ಮಾತು. ಸ್ನಾನ ಮಾಡಿಸುವಾಗ ಪರಚಿದರೆ, ಕಚ್ಚಿದರೆ ಹದಿನೈದು ನಿಮಿಷ ಸೋಪು ನೀರಲ್ಲಿ ತೊಳೆದು ಸರ್ಕಾರಿ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಕೇಳಿ. ಹುಳುಕಡ್ಡಿಯಿಂದ ಯಾರೂ ಸಾಯುವುದಿಲ್ಲ, ರೇಬಿಸ್ ಬಂದರೆ ಉಳಿಯುವುದಿಲ್ಲ.

ಗುಳಿಗೆಯಲ್ಲಿ ಮುಖ್ಯವಾಗಿ ಎರಡು ಆಯ್ಕೆ. ಇಟ್ರಾಕೊನಜೋಲ್ ಬೆಕ್ಕಿಗೆ ಹೆಚ್ಚು ಬಳಸುವುದು. ಒಂದು ವಾರ ಕೊಟ್ಟು ಒಂದು ವಾರ ಬಿಡುವ ಕ್ರಮ, ಕೂದಲಲ್ಲಿ ಔಷಧಿ ಉಳಿದು ಬಿಡುವಿನ ವಾರದಲ್ಲೂ ಕೆಲಸ ಮಾಡುತ್ತದೆ. ತೊಂದರೆ ಎಂದರೆ ಅಳತೆ. ಸಾಮಾನ್ಯ ಲೆಕ್ಕ ಕೆಜಿಗೆ 5 ಮಿಲಿಗ್ರಾಂ. ಮೂರು ಕೆಜಿ ಬೆಕ್ಕಿಗೆ 15 ಮಿಲಿಗ್ರಾಂ ಬೇಕು, ಅಂಗಡಿಯಲ್ಲಿರುವುದು ಮನುಷ್ಯರ 100 ಮಿಲಿಗ್ರಾಂ ಕ್ಯಾಪ್ಸೂಲ್. ನಮ್ಮ ಪಶುವೈದ್ಯರು ಕ್ಯಾಪ್ಸೂಲ್ ಬಿಚ್ಚಿ, ಸಾಬೂದಾನಿಗಿಂತ ಸಣ್ಣ ಕಾಳುಗಳನ್ನು ಬಿಳಿ ಹಾಳೆ ಮೇಲೆ ಹರಡಿ, ಬೆಂಕಿಕಡ್ಡಿಯಿಂದ ಒಂದೊಂದಾಗಿ ಸರಿಸಿ ಎಣಿಸುವುದನ್ನು ತೋರಿಸಿಕೊಟ್ಟರು. ಫ್ಯಾನ್ ಆರಿಸಿಯೇ ಮಾಡಬೇಕು. ಒಂದು ಸಲ ಮರೆತು ಕೂತೆ, ಆ ದಿನದ ಡೋಸು ಮೂಲೆ ಮೂಲೆ ಸೇರಿತು. ಮರಿಗೆ ಕೊಡುವಾಗ ಈ ಅಳತೆ ಇನ್ನೂ ಕಷ್ಟ. ಬೆಕ್ಕಿಗೆಂದೇ ಮಾಡಿದ ದ್ರಾವಣ ಸಿಕ್ಕರೆ ಸುಲಭ, ಆದರೆ ಜೇಬಿಗೆ ಭಾರ.

ಟರ್ಬಿನಾಫಿನ್ ಗುಳಿಗೆ ಅಗ್ಗ, ಮುರಿಯುವುದೂ ಸುಲಭ. ಕೆಲವು ಬೆಕ್ಕು ವಾಂತಿ ಮಾಡುತ್ತವೆ. ಎರಡು ಔಷಧಿಗೂ ಲಿವರ್ ಮೇಲೆ ಕಣ್ಣಿಡಬೇಕು. ಊಟ ಬಿಟ್ಟರೆ ಕೊಡುವುದನ್ನು ನಿಲ್ಲಿಸಿ ಫೋನ್ ಮಾಡಿ. ಗ್ರಿಸಿಯೊಫಲ್ವಿನ್ ಮಕ್ಕಳಿಗೆ ಸರಿ ಹೋಗುತ್ತದೆ, ಬೆಕ್ಕಿಗೆ ಈಗ ಬೇಡ ಅಂತಲೇ ನನ್ನ ಅಭಿಪ್ರಾಯ. ಕೆಲವು ಬೆಕ್ಕುಗಳಲ್ಲಿ ಅದು ರಕ್ತ ಹುಟ್ಟುವ ಮಜ್ಜೆಯನ್ನೇ ಕೆಡಿಸುತ್ತದೆ. ಕೀಟೊಕೊನಜೋಲ್ ಗುಳಿಗೆಯೂ ಬೆಕ್ಕಿಗೆ ಒಗ್ಗುವುದಿಲ್ಲ. ಡೋಸು ಮಾತ್ರ ತೂಕ ನೋಡಿ ಪಶುವೈದ್ಯರೇ ಹೇಳಬೇಕು.

ಪಶುವೈದ್ಯರಲ್ಲೂ ಆಯ್ಕೆ ಇದೆ. ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಖರ್ಚು ತೀರಾ ಕಡಿಮೆ, ಆದರೆ ಅಲ್ಲಿ ದಿನವಿಡೀ ಎಮ್ಮೆ, ಆಕಳು, ಕುರಿ. ಬೆಕ್ಕು ಹೊತ್ತು ಹೋದರೆ ಸಾಲಿನಲ್ಲಿದ್ದವರು ನಗುತ್ತಾರೆ, ನಗಲಿ. ಬೆಳಿಗ್ಗೆ ಬೇಗ ಹೋಗಿ, ಬುಟ್ಟಿಗೆ ಬಟ್ಟೆ ಮುಚ್ಚಿ. ಬೆಕ್ಕಿನ ಔಷಧಿ ಅಲ್ಲಿ ಇರದೇ ಹೋಗಬಹುದು, ಚೀಟಿ ಬರೆಸಿಕೊಂಡು ಹೊರಗೆ ತಗೊಳ್ಳಿ. ನಾಯಿ-ಬೆಕ್ಕಿನ ಖಾಸಗಿ ಕ್ಲಿನಿಕ್‌ನಲ್ಲಿ ಲ್ಯಾಂಪ್, ಶಾಂಪೂ ಎಲ್ಲ ಒಂದೇ ಕಡೆ ಸಿಗುವ ಸಾಧ್ಯತೆ ಜಾಸ್ತಿ. ಎರಡು ಕಡೆಯೂ ಹಿಡಿತಕ್ಕೆ ಬರದಿದ್ದರೆ ಬೀದರಿನ ಪಶುವೈದ್ಯಕೀಯ ಕಾಲೇಜು ಅಥವಾ ಬೆಂಗಳೂರಿನ ಹೆಬ್ಬಾಳದ್ದು. ಆದರೆ ಒಂದು ಸಾದಾ ಹುಳುಕಡ್ಡಿಗೆ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಬೆಕ್ಕು ಹೊತ್ತು ಹೋಗುವ ಅಗತ್ಯ ನನಗಂತೂ ಕಾಣುವುದಿಲ್ಲ.

ಮೂರನೇ ರೋಗಿ

ಬೆಕ್ಕನ್ನು ಒಂದು ಕೋಣೆಯಲ್ಲಿಡಿ, ಮೆತ್ತನೆ ಸಾಮಾನು ಇಲ್ಲದ ಕೋಣೆ. ನಮ್ಮ ಹಳೇ ಮನೆಗಳ ಬಂಡೆ ನೆಲ ಇದಕ್ಕೆ ಹೇಳಿ ಮಾಡಿಸಿದ್ದು. ಕೂದಲನ್ನು ಮೊದಲು ಒದ್ದೆ ಬಟ್ಟೆಯಿಂದ ಎತ್ತಿ. ಒಣ ಕಸಬರಿಗೆ ಹೊಡೆದರೆ ಕೂದಲು ಗಾಳಿಗೆ ಏಳುತ್ತದೆ. ಆಮೇಲೆ ಸೋಪು ನೀರಲ್ಲಿ ತಿಕ್ಕಿ ತೊಳೆಯಿರಿ. ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿಯುವುದು ಈ ತಿಕ್ಕುವುದರಲ್ಲೇ. ಕೊನೆಗೆ ಒಂದು ಲೀಟರ್ ನೀರಿಗೆ ಸುಮಾರು 30 ಮಿಲಿ ಬಟ್ಟೆಯ ಬ್ಲೀಚ್ ದ್ರಾವಣ ಬೆರೆಸಿ ಒರೆಸಿ, ಹತ್ತು ನಿಮಿಷ ಬಿಟ್ಟು ತೊಳೆದು, ಪೂರ್ತಿ ಒಣಗಿದ ಮೇಲೆ ಬೆಕ್ಕನ್ನು ಬಿಡಿ. ಬ್ಲೀಚಿಗೆ ಟಾಯ್ಲೆಟ್ ಆಸಿಡ್ ಸೇರಿಸಿದರೆ ವಿಷದ ಗಾಳಿ ಏಳುತ್ತದೆ, ಎಂದೂ ಬೆರೆಸಬೇಡಿ. ಫಿನಾಯಿಲ್ ಮತ್ತು ನೀರಿಗೆ ಹಾಕಿದರೆ ಬೆಳ್ಳಗಾಗುವ ಆ್ಯಂಟಿಸೆಪ್ಟಿಕ್ ಎರಡೂ ಬೆಕ್ಕಿರುವ ಮನೆಗೆ ಬೇಡ. ಅವು ಪಾದಕ್ಕೆ ಮೆತ್ತಿಕೊಂಡರೆ ಬೆಕ್ಕು ನೆಕ್ಕುತ್ತದೆ.

ನೀರಿದ್ದರೆ ವಾರಕ್ಕೆರಡು ಸಲ, ಇಲ್ಲದಿದ್ದರೆ ಒಂದು ಸಲ ತೊಳೆದು, ನಡುವೆ ದಿನಾ ಒದ್ದೆ ಬಟ್ಟೆಯಿಂದ ಕೂದಲು ಎತ್ತಿ. ಬಟ್ಟೆಗೆ ಬಿಸಿನೀರು ಬೇಕಿಲ್ಲ. ತಣ್ಣೀರಲ್ಲೇ ಸೋಪು ಹಾಕಿ ಎರಡು ಸಲ ಒಗೆದರೆ ಕಣ ಹೋಗುತ್ತವೆ, ಮಷಿನ್ ತುಂಬ ತುರುಕಬಾರದು ಅಷ್ಟೇ. ನಮ್ಮ ಬಿಸಿಲು ಒಣಗಿಸಲು ಒಳ್ಳೆಯದು, ಆದರೆ ಒಗೆಯದೆ ಬಿಸಿಲಿಗೆ ಹಾಕಿದರೆ ಸಾಕು ಅಂದುಕೊಳ್ಳಬೇಡಿ.

ಮರಿಯನ್ನು ಎರಡು ತಿಂಗಳು ಒಂಟಿ ಜೈಲಿನಲ್ಲೂ ಇಡಬೇಡಿ, ಅದು ಮನುಷ್ಯರಿಗೆ ಹೊಂದಿಕೊಳ್ಳುವ ವಯಸ್ಸು. ತುಂಬು ತೋಳಿನ ಹಳೇ ಅಂಗಿ ಹಾಕಿಕೊಂಡು ದಿನಾ ಆಡಿಸಿ, ಹೊರಗೆ ಬಂದು ಅಂಗಿ ಬಿಚ್ಚಿಟ್ಟು ಕೈ ತೊಳೆಯಿರಿ.

ಯಾರಿಗೆ ಯಾವುದು

ಗಂಗಾವತಿಯವರ ಮನೆಯಲ್ಲಿ ಒಂದು ಮರಿ, ಇಬ್ಬರು ಮಕ್ಕಳು, ನೀರಿಗೆ ಬರ ಇಲ್ಲ. ಅವರಿಗೆ ಮೊದಲ ದಿನದಿಂದಲೇ ಪೂರ್ತಿ ದಾರಿ ಹೇಳಿದೆ: ಸ್ನಾನ, ಗುಳಿಗೆ, ಕೋಣೆ, ಮಕ್ಕಳಿಗೆ ಚರ್ಮದ ಡಾಕ್ಟರ್. ಸಿಂಧನೂರಿನವರದು ಹೊಲದ ಮನೆ, ಐದು ಬೆಕ್ಕು, ಯಾವುದೂ ಕೈಗೆ ಸಿಗುವುದಿಲ್ಲ. ಅಲ್ಲಿ ಸ್ನಾನದ ಮಾತೇ ಬೇಡ. ಒಳಗೆ ಬರುವ ಒಂದನ್ನು ಹಿಡಿದು ಚಿಕಿತ್ಸೆ ಮಾಡಿ, ಉಳಿದವಕ್ಕೆ ಅಡುಗೆಮನೆ, ಮಲಗುವ ಕೋಣೆಯ ಬಾಗಿಲು ಮುಚ್ಚಿ, ಅಂಗಳದಲ್ಲೇ ಊಟ ಹಾಕಿ ಅಂದೆ. ಕೌಲ್ ಬಜಾರದವರಿಗೆ ತಿಂಗಳ ಕೊನೆ, ಕೈಯಲ್ಲಿ ದುಡ್ಡಿಲ್ಲ. ಹಾಗಿದ್ದರೆ ಅನುಕ್ರಮ ಹೀಗೆ: ಸರ್ಕಾರಿ ಪಶು ಆಸ್ಪತ್ರೆ, ಟರ್ಬಿನಾಫಿನ್ ಆಗುತ್ತದಾ ಅಂತ ಕೇಳುವುದು, ಶಾಂಪೂ ಒಂದು ಬಾಟಲಿ, ತಮಗೆ ವಿಮ್ಸ್. ಕಲ್ಚರ್, ಟಾರ್ಚ್, ದುಬಾರಿ ಸ್ಪ್ರೇ ಎಲ್ಲ ಬಿಡಬಹುದು. ಶಾಂಪೂವನ್ನು ಮಾತ್ರ ಅರ್ಧಕ್ಕೆ ನಿಲ್ಲಿಸಬಾರದು.

ಕೂದಲು ಮತ್ತೆ ಬಂದ ದಿನವೇ ಔಷಧಿ ನಿಲ್ಲಿಸುವವರು ಜಾಸ್ತಿ. ಕಣ್ಣಿಗೆ ವಾಸಿಯಾದ ಮೇಲೂ ಫಂಗಸ್ ಇರುತ್ತದೆ, ಆದ್ದರಿಂದ ಕಲ್ಚರ್ ಮಾಡಿಸಿ ಖಾಲಿ ಬಂದರೆ ನಿಲ್ಲಿಸಿ. ಮಾಡಿಸಲು ಆಗದಿದ್ದರೆ ಎಷ್ಟು ವಾರ ಮುಂದುವರಿಸಬೇಕು ಅಂತ ಪಶುವೈದ್ಯರನ್ನೇ ಕೇಳಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ನಮ್ಮಜ್ಜಿ ಹೊಲಿದ ಕೌದಿಯನ್ನು ಸುಟ್ಟುಬಿಡಿ ಅಂತ ಇಬ್ಬರು ಹೇಳಿದ್ದರು. ಹಳೇ ಇಳಕಲ್ ಸೀರೆಯ ಅಂಚೆಲ್ಲ ಅದರಲ್ಲಿದೆ, ಮನಸ್ಸು ಬರಲಿಲ್ಲ. ಎರಡು ಪದರ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದೆವು. ಮರಿಯ ಪರೀಕ್ಷೆ ಖಾಲಿ ಬಂದ ಮೇಲೆ, ನಲ್ಲಿ ಬಂದ ದಿನ ನೋಡಿ ಇಳಿಸಿ, ಬಚ್ಚಲ ಬಂಡೆ ಮೇಲೆ ಇಬ್ಬರು ಕೂತು ಎರಡು ಸಲ ತುಳಿದು ತುಳಿದು ಒಗೆದೆವು. ಹನ್ನೊಂದು ಬಕೆಟ್ ನೀರು ಹಿಡಿಯಿತು. ಮಾಳಿಗೆ ಮೇಲೆ ಒಣಹಾಕಿ ಕೆಳಗಿಳಿದು ಚಾ ಕುಡಿದು ಮತ್ತೆ ಹತ್ತುವಷ್ಟರಲ್ಲಿ, ಇನ್ನೂ ಅಂಚು ಆರದ ಕೌದಿಯ ನಡುವೆ ಅದು ಕಾಲು ಚಾಚಿ ಮಲಗಿತ್ತು.